ಅಂಗಳದ ನೆಲನೆಲ್ಲಿ, ಬ್ಲಂಬರ್ಗ್ ಡಾಕ್ಟರ್ರು, ನಮ್ಮ ಮಾವ

ಮಳೆ ಹಿಡಿದು ತಿಂಗಳಾಗೋದ್ರೊಳಗೆ ನಮ್ಮನೆ ಅಂಗಳದ ಅಂಚು, ಬಾವಿಕಟ್ಟೆ, ತುಳಸಿಕಟ್ಟೆ ಸಂದಿ ಎಲ್ಲಾ ಕಡೆ ನೆಲನೆಲ್ಲಿ ಎದ್ದು ಬಿಡ್ತದೆ. ಗೇಣುದ್ದದ ಗಿಡ, ಹುಣಸೆ ಸೊಪ್ಪಿನ ತರ ಸಣ್ಣ ಎಲೆ, ಕಡ್ಡಿ ಮಗುಚಿ ನೋಡಿದ್ರೆ ಅಡಿಯಲ್ಲಿ ಸಾಸಿವೆಗಿಂತ ಚೂರು ದೊಡ್ಡ ಕಾಯಿ ಸಾಲಾಗಿ ಪೋಣಿಸಿದ ಹಾಗೆ. ಕುಮಟಾ ಕಡೆ ಆಗ್ಲಿ, ಘಟ್ಟ ಹತ್ತಿ ಶಿರಸಿ ಕಡೆ ಆಗ್ಲಿ, ಯಾರಿಗಾದ್ರೂ ಕಣ್ಣು ಹಳದಿ ಆಯ್ತು ಅಂದ್ರೆ ಮೊದಲು ಕೈ ಹೋಗೋದು ಈ ಗಿಡಕ್ಕೆ. ಬೇರು ಸಮೇತ ಕಿತ್ತು, ತೊಳೆದು, ಅರೆದು, ಹಾಲಲ್ಲೋ ಮಜ್ಜಿಗೆಲೋ ಕಲಸಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಸೋದು. ಮೇಲೆ ಪಥ್ಯ. ಮೀನಿಲ್ಲ, ಎಣ್ಣೆ ಇಲ್ಲ, ಖಾರ ಇಲ್ಲ, ಗಂಜಿ ಒಂದೇ.

ನಾನು ಲ್ಯಾಬ್ ಟೆಕ್ನಿಷಿಯನ್. 2001ರಲ್ಲಿ ಡಿಎಂಎಲ್‌ಟಿ ಅಂತ ಲ್ಯಾಬ್ ಕೆಲಸದ ಡಿಪ್ಲೊಮಾ ಮುಗಿಸಿ ಕುಮಟಾದ ಒಂದು ಸಣ್ಣ ಲ್ಯಾಬಿಗೆ ಸೇರ್ದವಳು, ಇವತ್ತಿಗೂ ಅದೇ ಕೆಲಸ. ರಕ್ತ ತೆಗಿಯೋದು, ಸೆಂಟ್ರಿಫ್ಯೂಜ್ ಮಾಡೋದು, ಕಾಮಾಲೆ ಎಷ್ಟಿದೆ ಅಂತ ಹೇಳೋ ಬಿಲಿರುಬಿನ್ ನೋಡೋದು, ರಿಪೋರ್ಟ್ ಬರಿಯೋದು. ಲಿವರ್ ಬಗ್ಗೆ ಬರಿಯೋಕೆ ನಾನು ಡಾಕ್ಟರಲ್ಲ. ಆದ್ರೆ ನಮ್ಮನೆಯಲ್ಲೇ ಆಗಿದ್ದು ಇದೆ, ಮತ್ತೆ ಒಬ್ರು ಡಾಕ್ಟರ್ ಬಗ್ಗೆ ಕೆಲವು ವರ್ಷದಿಂದ ಸಿಕ್ಕಿದ್ದೆಲ್ಲ ಓದ್ತಾ ಬಂದಿದ್ದೇನೆ, ಬರುಕ್ ಬ್ಲಂಬರ್ಗ್ ಅಂತ, ಹೆಪಟೈಟಿಸ್ ಬಿ ಅನ್ನೋ ಲಿವರ್ ಕಾಯಿಲೆಯ ವೈರಸ್ ಪತ್ತೆ ಮಾಡಿದ ಅಮೆರಿಕಾದವರು. ಅವರು ಹುಟ್ಟಿದ್ದು 1925ರ ಜುಲೈ 28, ಅಂದ್ರೆ 2025ಕ್ಕೆ ನೂರು ವರ್ಷ. ಜುಲೈ 28ನ್ನ ವಿಶ್ವ ಹೆಪಟೈಟಿಸ್ ದಿನ ಅಂತ ಮಾಡೋದು ಅವರ ಹುಟ್ಟಿದ ದಿನ ಅಂತಲೇ. ಅದಕ್ಕೆ ಈಗ ಬರಿಯೋಣ ಅನ್ನಿಸ್ತು.

ಮೊದಲು ಮಾವನ ವಿಷಯ ಹೇಳ್ತೇನೆ. ನಮ್ಮ ಆಯಿಯ, ಅಂದ್ರೆ ಅಮ್ಮನ, ಕೊನೇ ತಮ್ಮ, ಅಘನಾಶಿನಿ ಹೊಳೆ ಬದಿಗೆ ಮನೆ, ಗದ್ದೆ, ಹತ್ತಿಪ್ಪತ್ತು ತೆಂಗಿನ ಮರ. ಗಟ್ಟಿಮುಟ್ಟು ಮನುಷ್ಯ. 2004ರಲ್ಲಿ ಊರಲ್ಲಿ ರಕ್ತದಾನ ಶಿಬಿರ ಆಯ್ತು, ಸ್ನೇಹಿತರ ಜೊತೆ ಇವನೂ ಹೋಗಿ ಕೊಟ್ಟ. ಆಮೇಲೆ ಫೋನ್ ಬಂತು, ನಿಮ್ಮ ರಕ್ತದಲ್ಲಿ ಹೆಪಟೈಟಿಸ್ ಬಿ ಬಂದಿದೆ, ಡಾಕ್ಟರಿಗೆ ತೋರಿಸಿ ಅಂತ. ತೋರಿಸಿದ ಡಾಕ್ಟರ್ರು, ಹೆಸರು ಬೇಡ, "ಕಾಯಿಲೆ ಏನಿಲ್ಲ, ನೀವು ಕ್ಯಾರಿಯರ್, ವೈರಸ್ ಹೊತ್ತವರು ಅಷ್ಟೇ, ಇನ್ನು ರಕ್ತ ಕೊಡ್ಬೇಡಿ" ಅಂದು ಕಳಿಸಿದ್ರು. ಮುಂದೆ ಆರು ತಿಂಗಳಿಗೊಮ್ಮೆ ಟೆಸ್ಟ್ ಮಾಡಿಸಿ, ಸ್ಕ್ಯಾನ್ ಮಾಡಿಸಿ, ಮನೆಯವರಿಗೆಲ್ಲ ನೋಡಿಸಿ ಅಂತ ಒಂದು ಮಾತು ಹೇಳ್ಲಿಲ್ಲ. ಮಾವ ಸೀದಾ ಘಟ್ಟ ಹತ್ತಿ ಕಾಮಾಲೆಗೆ ಔಷಧ ಕೊಡುವ ಒಬ್ಬರ ಹತ್ರ ಹೋದ. ಅವರು ಕೊಟ್ಟಿದ್ದೂ ನೆಲನೆಲ್ಲಿಯೇ, ಜೊತೆಗೆ ಇನ್ನೆರಡು ಬೇರು. ಇಪ್ಪತ್ತೊಂದು ದಿನ ನಿಷ್ಠೆಯಿಂದ ಕುಡಿದ. ಮೈಯೆಲ್ಲ ಹಗುರ ಆಯ್ತು ಅಂದ. "ಎಂತದೂ ಆಗೂದಿಲ್ಲ ತಂಗೀ, ಎಲ್ಲಾ ಹೋಯ್ತು, ನೀ ಯಾಕೆ ಹೆದರ್ಸ್ತೆ" ಅಂತ ನನಗೇ ಸಮಾಧಾನ ಹೇಳಿದ.

ಆಗ ನಾನು ಕೆಲಸಕ್ಕೆ ಸೇರಿ ಮೂರು ವರ್ಷ ಆಗಿತ್ತು. ಇನ್ನೊಂದ್ಸಲ ರಕ್ತ ಕೊಡು ಮಾವಾ, ನೋಡ್ತೇನೆ ಅಂತ ಕೇಳಬಹುದಿತ್ತು. ಒಂದೆರಡು ಸಲ ಕೇಳಿದೆ, ಅವನು ನಕ್ಕ, ನಾನು ಬಿಟ್ಟೆ. ಅವನಿಗೆ ಕಣ್ಣು ಹಳದಿ ಆಗಿರಲೇ ಇಲ್ಲ, ಹಾಗಾಗಿ ಔಷಧ ಕುಡಿದ ಮೇಲೆ ಹೋಗಿದ್ದು ಯಾವುದು ಅಂತ ಅವನೂ ಯೋಚನೆ ಮಾಡ್ಲಿಲ್ಲ, ನಾನೂ ಹಿಡಿದು ಕೂರಿಸಿ ಕೇಳ್ಲಿಲ್ಲ. ಇದನ್ನ ಬರಿಯೋವಾಗ್ಲೂ ಎದೆ ಭಾರ ಆಗ್ತದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳ್ಬೇಕು, ಯಾಕಂದ್ರೆ ನಮ್ಮ ಕಡೆ ಎಲ್ಲದಕ್ಕೂ ಜಾಂಡೀಸ್ ಅನ್ನೋದು ಒಂದೇ ಹೆಸರು. ಮಳೆಗಾಲದಲ್ಲಿ ನೀರಿಂದ ಬರೋದು ಹೆಪಟೈಟಿಸ್ ಎ ಮತ್ತೆ ಇ. ಕಣ್ಣು ಹಳದಿ, ಉಚ್ಚೆ ಹಳದಿ, ಊಟ ಕಂಡ್ರೆ ವಾಕರಿಕೆ, ಆಮೇಲೆ ಕೆಲವು ವಾರದಲ್ಲಿ ಬಹುಪಾಲು ಜನಕ್ಕೆ ತಾನಾಗೇ ಹೋಗ್ತದೆ. ಬಸುರಿ ಹೆಂಗಸರಿಗೆ ಇ ಬಂದ್ರೆ ಮಾತ್ರ ಜೀವಕ್ಕೇ ಅಪಾಯ, ಅದನ್ನ ಯಾರೂ ಮನೆ ಔಷಧ ಅಂತ ಕೂರಬಾರ್ದು. ತಾನಾಗೇ ಹೋಗುವ ಕಾಯಿಲೆಗೆ ಯಾವ ಸೊಪ್ಪು ಕೊಟ್ರೂ ಸೊಪ್ಪಿಗೇ ಹೆಸರು ಬರ್ತದೆ. ಔಷಧ ಕೊಡೋರು ಮೋಸ ಮಾಡ್ತಾರೆ ಅಂತ ನಾನು ಹೇಳೋದಿಲ್ಲ, ಸುಮಾರು ಜನ ದುಡ್ಡೂ ತಗೊಳ್ಳೋದಿಲ್ಲ, ಅವರ ಅಜ್ಜ ಕೊಡ್ತಿದ್ರು, ಅವರೂ ಕೊಡ್ತಾರೆ, ಬಂದವರಿಗೆಲ್ಲ ಗುಣ ಆಗಿದ್ದನ್ನ ಅವರು ಕಣ್ಣಾರೆ ನೋಡಿದ್ದಾರೆ. ಆದ್ರೆ ಬಿ ಬೇರೆ, ಸಿ ಬೇರೆ. ಇವು ರಕ್ತದಿಂದ, ಸೂಜಿಯಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆ ಟೈಮಲ್ಲಿ ತಾಯಿಯಿಂದ ಮಗುವಿಗೆ ದಾಟೋದು. ದೊಡ್ಡವರಿಗೆ ಬಿ ತಾಗಿದ್ರೆ ನೂರಕ್ಕೆ ಐದಕ್ಕಿಂತ ಕಮ್ಮಿ ಜನಕ್ಕೆ ಮಾತ್ರ ಉಳ್ಕೊಳ್ತದೆ, ಹುಟ್ಟುವಾಗ್ಲೇ ತಾಗಿದ್ರೆ ನೂರಕ್ಕೆ ತೊಂಬತ್ತು ಮಕ್ಕಳಲ್ಲಿ ಜೀವಮಾನ ಪೂರ್ತಿ ಉಳ್ಕೊಳ್ತದೆ. ಇಪ್ಪತ್ತು ಮೂವತ್ತು ವರ್ಷ ಏನೂ ತೋರಿಸೋದಿಲ್ಲ. ಹಾಗೆ ಸದ್ದಿಲ್ಲದೆ ಕೂತದ್ದು ಕೆಲವರಲ್ಲಿ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡೋದು) ಆಗಿ, ಇಲ್ಲಾ ಲಿವರ್ ಕ್ಯಾನ್ಸರ್ ಆಗಿ ಏಳ್ತದೆ.

ಬ್ಲಂಬರ್ಗ್ ಹೆಪಟೈಟಿಸ್ ಹುಡುಕೋಕೆ ಹೊರಟವ್ರೇ ಅಲ್ಲ, ಅದು ನನಗೆ ತುಂಬ ಇಷ್ಟವಾದ ವಿಷಯ. ಮೆಡಿಕಲ್ ಓದುವಾಗ ಸುರಿನಾಮ್ ದೇಶದ ಮೊಯೆಂಗೊ ಅನ್ನೋ ಗಣಿ ಊರಿನ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಕೆಲಸ ಮಾಡಿದ್ರು. ಅಲ್ಲಿ ಕಬ್ಬಿನ ಕೆಲಸಕ್ಕೆ ಅಂತ ಬಂದು ನೆಲೆ ನಿಂತ ನಮ್ಮ ದೇಶದವರು, ಜಾವಾದವರು, ಆಫ್ರಿಕಾದವರು, ಚೀನಾದವರು ಎಲ್ಲ ಇದ್ರು. ಆನೆಕಾಲು ರೋಗದ ಹುಳು ಒಂದು ಗುಂಪಿಗೆ ಜಾಸ್ತಿ, ಒಂದು ಗುಂಪಿಗೆ ಕಮ್ಮಿ. ಒಂದೇ ಊರು, ಒಂದೇ ಸೊಳ್ಳೆ, ಒಬ್ಬನಿಗೆ ಬಂತು ಪಕ್ಕದವನಿಗೆ ಯಾಕೆ ಬರ್ಲಿಲ್ಲ? ಈ ಪ್ರಶ್ನೆಯನ್ನ ಅವರು ಜೀವಮಾನ ಪೂರ್ತಿ ಬಿಡ್ಲಿಲ್ಲ. ಊರೂರು ದೇಶದೇಶ ತಿರುಗಿ ರಕ್ತ ಸೇರಿಸಿದ್ರು. ಜನರ ರಕ್ತದ ಪ್ರೋಟೀನಲ್ಲಿ ಹುಟ್ಟಾ ಇರುವ ವ್ಯತ್ಯಾಸ ಹುಡುಕಬೇಕು ಅನ್ನೋದು ಲೆಕ್ಕ. ಅದಕ್ಕೆ ಒಂದು ಉಪಾಯ ಮಾಡಿದ್ರು. ತುಂಬ ಸಲ ಬೇರೆಯವರ ರಕ್ತ ಹಾಕಿಸಿಕೊಂಡ ರೋಗಿಗಳ ಮೈಯಲ್ಲಿ, ತಮ್ಮಲ್ಲಿಲ್ಲದ ಪ್ರೋಟೀನಿಗೆ ಆಂಟಿಬಾಡಿ, ಅಂದ್ರೆ ಅದನ್ನ ಗುರುತಿಸಿ ಹಿಡಿಯೋ ವಸ್ತು, ಹುಟ್ಟಿರ್ತದೆ, ಹಾಗಾಗಿ ಅವರ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ತಿಳಿನೀರು) ಎದುರಿಗೆ ಬೇರೆ ಬೇರೆ ಜನರ ಸೀರಂ ಇಟ್ಟು ನೋಡಿದ್ರೆ ಎಲ್ಲೋ ಒಂದು ಕಡೆ ಗೊತ್ತಾಗ್ತದೆ.

ಈ ಟೆಸ್ಟ್ ನಾನು ಕಾಲೇಜಲ್ಲಿ ಕೈಯಾರೆ ಮಾಡಿದ್ದೇನೆ. ಗಾಜಿನ ಪಟ್ಟಿ ಮೇಲೆ ಅಗರ್ ಹೊಯ್ಯೋದು. ಅಗರ್ ಅಂದ್ರೆ ಬೇರೇನಲ್ಲ, ಬೇಸಿಗೆಲಿ ಮನೆಲಿ ಹಾಲು ಸಕ್ಕರೆ ಹಾಕಿ ಮಾಡ್ತೇವಲ್ಲ ಚೈನಾಗ್ರಾಸ್, ಅದೇ ಜಾತಿ. ಅದು ತಣ್ಣಗಾಗಿ ಗಟ್ಟಿ ಆದ ಮೇಲೆ ಸಣ್ಣ ಕೊಳವೆ ಒತ್ತಿ ನಡುವೆ ಒಂದು ಗುಳಿ, ಸುತ್ತ ಗುಳಿಗಳು. ನಡುವಿನದಕ್ಕೆ ಒಬ್ಬರ ಸೀರಂ, ಸುತ್ತಲಿನದಕ್ಕೆ ಬೇರೆಯವರದ್ದು. ಮುಚ್ಚಿ ಇಡ್ಬೇಕು. ಎರಡೂ ಕಡೆಯಿಂದ ಸೀರಂ ನಿಧಾನ ಅಗರ್ ಒಳಗೆ ಇಳೀತಾ ಎದುರಾ ಎದುರು ಬರ್ತದೆ, ಒಂದಕ್ಕೊಂದು ಹಿಡಿದುಕೊಂಡ್ರೆ ಮಾರನೇ ದಿನ ಎರಡು ಗುಳಿ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ. ಲೈಟಿಗೆ ಓರೆ ಹಿಡಿದು ನೋಡ್ಬೇಕು, ಸುಮ್ನೆ ನೋಡಿದ್ರೆ ಕಾಣೋದಿಲ್ಲ.

1963ರಲ್ಲಿ ಬ್ಲಂಬರ್ಗ್ ಮತ್ತೆ ಹಾರ್ವೆ ಆಲ್ಟರ್ ಇಬ್ರೂ ಸೇರಿ ಹೀಗೆ ನೋಡ್ತಾ ಇದ್ದಾಗ, ನ್ಯೂಯಾರ್ಕಿನ ಒಬ್ಬ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ರೋಗಿಯ ಸೀರಂ 24 ಜನರ ಸೀರಮ್ಮಲ್ಲಿ ಒಂದೇ ಒಂದರ ಜೊತೆ ಗೆರೆ ಕೊಟ್ಟಿತು. ಆ ಒಂದು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರದು. ಆಂಟಿಬಾಡಿ ಹಿಡಿದುಕೊಂಡ ಆ ವಸ್ತುವಿಗೆ ಆಸ್ಟ್ರೇಲಿಯಾ ಆಂಟಿಜೆನ್ ಅಂತ ಹೆಸರಿಟ್ರು, 1965ರಲ್ಲಿ ಪ್ರಕಟ ಮಾಡಿದ್ರು. ಅದು ಏನು ಅಂತ ಆಗ ಅವರಿಗೇ ಗೊತ್ತಿಲ್ಲ. ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ರೋಗಿಗಳಲ್ಲಿ ಜಾಸ್ತಿ ಸಿಕ್ತು, ಹಾಗಾಗಿ ಲ್ಯುಕೇಮಿಯಾಕ್ಕೆ ಸಂಬಂಧ ಇರಬಹುದು ಅಂದುಕೊಂಡ್ರು. ಆ ಎಳೆ ಹಿಡಿದು, ಲ್ಯುಕೇಮಿಯಾ ಬರೋ ಸಾಧ್ಯತೆ ಜಾಸ್ತಿ ಇರುವ ಡೌನ್ ಸಿಂಡ್ರೋಮ್‌ನವರನ್ನ ನೋಡಿದ್ರು, ಅವರಲ್ಲೂ ಜಾಸ್ತಿ. ಹುಟ್ಟಿನಿಂದ ಬಂದ ಗುಣ ಆದ್ರೆ ಇವತ್ತು ಇಲ್ಲದ್ದು ನಾಳೆ ಬರಬಾರ್ದು. ಆದ್ರೆ ಒಬ್ಬ ಹುಡುಗನಲ್ಲಿ ಮೊದಲು ಇರ್ಲಿಲ್ಲ, ಆಮೇಲೆ ಟೆಸ್ಟ್ ಮಾಡಿದಾಗ ಇತ್ತು, ಮತ್ತೆ ನೋಡಿದ್ರೆ ಆ ನಡುವೆ ಅವನಿಗೆ ಹೆಪಟೈಟಿಸ್ ಆಗಿತ್ತು. ಅಲ್ಲಿಂದ ಲೆಕ್ಕ ತಿರುಗಿತು. ತಾನು ಮೊದಲು ಹೇಳಿದ್ದು ತಪ್ಪಿರಬಹುದು ಅಂತ ಬೇಜಾರಿಲ್ಲದೆ ಒಪ್ಪಿಕೊಂಡು ಮುಂದೆ ಹೋಗ್ತಾರಲ್ಲ, ಅಂಥವರನ್ನ ಕಂಡ್ರೆ ನನಗೆ ನಿಜವಾಗ್ಲೂ ಗೌರವ.

ಅವರ ಲ್ಯಾಬಲ್ಲಿ ಬಾರ್ಬರಾ ವರ್ನರ್ ಅಂತ ಟೆಕ್ನಿಷಿಯನ್ ಇದ್ರು. ನನ್ನ ಹಾಗೆ ದಿನಾ ಸೀರಂ ಜೊತೆ ಕೆಲಸ. 1967ರಲ್ಲಿ ಒಂದಿನ ಅವರಿಗೆ ಮೈ ಸರಿ ಇಲ್ಲ ಅನ್ನಿಸ್ತು, ತಮ್ಮದೇ ರಕ್ತ ತೆಗೆದು ಸಂಜೆ ಟೆಸ್ಟಿಗೆ ಇಟ್ರು. ಬೆಳಿಗ್ಗೆ ನೋಡಿದ್ರೆ ಮಸುಕಾಗಿ ಗೆರೆ ಬಂದಿದೆ. ಆಮೇಲೆ ಕಾಮಾಲೆಯೂ ಕಾಣಿಸ್ಕೊಳ್ತು, ಅವರು ಪೂರ್ತಿ ಗುಣವೂ ಆದ್ರು. ಈ ಟೆಸ್ಟಿಂದ ಹೆಪಟೈಟಿಸ್ ಅಂತ ಪತ್ತೆ ಆದ ಮೊದಲ ಕೇಸ್ ಅದು. ಆ ರಾತ್ರಿ ಅವರು ಹೇಗೆ ಮಲಗಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಮುಂದಿನದ್ದು ಬೇಗ ಬೇಗ ಹೇಳ್ತೇನೆ. ಆ ಆಂಟಿಜೆನ್ ಹೆಪಟೈಟಿಸ್ ಬಿ ವೈರಸ್ಸಿನ ಮೇಲಿನ ಹೊದಿಕೆ ಅಂತ ಗೊತ್ತಾಯ್ತು, ಇವತ್ತು ನಾವು ಎಚ್‌ಬಿಎಸ್‌ಎಜಿ ಅಂತ ಮಾಡುವ ಟೆಸ್ಟ್ ಅದೇ. ದಾನಿಗಳ ರಕ್ತವನ್ನ ಮೊದಲೇ ನೋಡಿ ಕೊಡೋದು ಶುರು ಆಯ್ತು. ಕ್ಯಾರಿಯರ್‌ಗಳ ರಕ್ತದಲ್ಲಿ ಈ ಹೊದಿಕೆಯ ಖಾಲಿ ಉಂಡೆಗಳೇ ಲೆಕ್ಕವಿಲ್ಲದಷ್ಟು ತೇಲ್ತಿರ್ತವೆ, ಒಳಗೆ ವೈರಸ್ ಇರೋದಿಲ್ಲ, ಅದನ್ನೇ ಬೇರ್ಪಡಿಸಿ ಲಸಿಕೆ ಮಾಡಬಹುದು ಅಂತ 1969ರಲ್ಲಿ ಬ್ಲಂಬರ್ಗ್ ಮತ್ತೆ ಇರ್ವಿಂಗ್ ಮಿಲ್‌ಮನ್ ಪೇಟೆಂಟಿಗೆ ಹಾಕಿದ್ರು. ರೋಗಿಯ ರಕ್ತದಿಂದಲೇ ಲಸಿಕೆ! 1981ರಲ್ಲಿ ಅಮೆರಿಕಾದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ತು, 1986ರಲ್ಲಿ ಯೀಸ್ಟಿಂದ ಮಾಡಿದ್ದು ಬಂತು. 1976ರಲ್ಲೇ ಅವರಿಗೆ ನೊಬೆಲ್ ಬಂದಿತ್ತು. ತೈವಾನಲ್ಲಿ 1984ರಿಂದ ಹುಟ್ಟಿದ ಮಕ್ಕಳಿಗೆ ಹಾಕೋಕೆ ಶುರು ಮಾಡಿದ್ರು, 1997ರ ವರದಿ ನೋಡಿದ್ರೆ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು. ನಮ್ಮಲ್ಲಿ 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್‌ನವರು ದೇಶದಲ್ಲೇ ಕಮ್ಮಿ ರೇಟಿಗೆ ಮಾಡಿದ ಮೇಲೆ ಸಾಮಾನ್ಯರಿಗೂ ಎಟುಕೋ ಹಾಗಾಯ್ತು, ನಾನು ಕೆಲಸಕ್ಕೆ ಸೇರುವಾಗ ಮೂರು ಡೋಸ್ ಹಾಕಿಸಿಕೊಂಡಿದ್ದು ಹಾಗೇ. ಅವತ್ತು ಗೆರೆ ನೋಡಿದ ಇನ್ನೊಬ್ರು, ಆಲ್ಟರ್, ರಕ್ತ ಹಾಕಿಸಿಕೊಂಡ ರೋಗಿಗಳ ಸ್ಯಾಂಪಲ್ಲನ್ನ ವರ್ಷಗಟ್ಟಲೆ ಫ್ರೀಜರಲ್ಲಿ ಜೋಪಾನ ಮಾಡಿ, ಎ ಅಲ್ಲ ಬಿ ಅಲ್ಲ ಇನ್ನೊಂದು ಇದೆ ಅಂತ ಹಟ ಹಿಡಿದು ಕೂತ್ರು. 1989ರಲ್ಲಿ ಅದು ಹೆಪಟೈಟಿಸ್ ಸಿ ಅಂತ ಸಿಕ್ತು. 2020ರಲ್ಲಿ ಅವರಿಗೂ ನೊಬೆಲ್ ಬಂತು, 85 ವರ್ಷ ಆಗಿತ್ತು. ಇವತ್ತು ಸಿ ಮೂರು ತಿಂಗಳ ಮಾತ್ರೆಗೆ ನೂರಕ್ಕೆ ತೊಂಬತ್ತೈದು ಜನಕ್ಕೆ ಗುಣ ಆಗ್ತದೆ.

ಈಗ ನೆಲನೆಲ್ಲಿಗೆ ಬರ್ತೇನೆ. ಲಸಿಕೆ ಆಯ್ತು, ಆದ್ರೆ ಆಗಲೇ ವೈರಸ್ ಹೊತ್ತುಕೊಂಡವರಿಗೆ ಏನು ಮಾಡೋದು? ಬ್ಲಂಬರ್ಗ್ ಗುಂಪು ಬೇರೆ ಬೇರೆ ದೇಶದಲ್ಲಿ ಕಾಮಾಲೆಗೆ ಜನ ಬಳಸುವ ಗಿಡಗಳ ಮೇಲೆ ಕಣ್ಣು ಹಾಕ್ತು, ಅದರಲ್ಲಿ ನಮ್ಮ ಅಂಗಳದ ಇದೇ ಗಿಡದ ಜಾತಿ, ಫಿಲ್ಯಾಂಥಸ್. ಇದನ್ನ ಮೊದಲ ಸಲ ಓದಿದಾಗ ನಾನು ಕುರ್ಚಿಯಿಂದ ಎದ್ದು ಹೊರಗೆ ಹೋಗಿ ಗಿಡ ನೋಡಿ ಬಂದೆ. ಮದ್ರಾಸಿನ ಎಸ್. ಪಿ. ತ್ಯಾಗರಾಜನ್ ಅವರ ಜೊತೆ ಸೇರಿ ಕ್ಯಾರಿಯರ್‌ಗಳಿಗೆ ಕೊಟ್ಟು ನೋಡಿದ್ರು, 200 ಮಿಲಿಗ್ರಾಂ ಕ್ಯಾಪ್ಸೂಲ್ ದಿನಕ್ಕೆ ಮೂರು, 30 ದಿನ. ಇನ್ನೊಂದು ಗುಂಪಿಗೆ ನೋಡೋಕೆ ಔಷಧದ ಹಾಗೇ ಇರುವ, ಒಳಗೆ ಔಷಧ ಇಲ್ಲದ ಕ್ಯಾಪ್ಸೂಲ್. 1988ರಲ್ಲಿ ಲ್ಯಾನ್ಸೆಟ್ ಅನ್ನೋ ದೊಡ್ಡ ವೈದ್ಯಕೀಯ ಪತ್ರಿಕೆಲಿ ಬಂತು. ಗಿಡ ತಗೊಂಡ 37 ಜನರಲ್ಲಿ 22 ಜನಕ್ಕೆ ಆಂಟಿಜೆನ್ ಹೋಗಿತ್ತು, ಖಾಲಿ ಕ್ಯಾಪ್ಸೂಲ್ ತಗೊಂಡ 23 ಜನರಲ್ಲಿ ಒಬ್ಬರಿಗೆ ಮಾತ್ರ. ಎಷ್ಟು ಸಂತೋಷ ಆಗಿರಬೇಕು ಅವತ್ತು! ನನಗೇ ಓದ್ತಾ ಓದ್ತಾ ಕಣ್ಣು ತುಂಬಿತ್ತು, ಮಾವ ಕುಡಿದದ್ದು ಸುಳ್ಳಲ್ಲ ಅಂತ.

ಆದ್ರೆ ಮುಂದೂ ಓದ್ಬೇಕಲ್ಲ. ಥಾಯ್ಲೆಂಡಲ್ಲಿ ಮಾಡಿ ನೋಡಿದ್ರು, 1990ರಲ್ಲಿ ವರದಿ, ಆಂಟಿಜೆನ್ ಹೋಗ್ಲಿಲ್ಲ. ನ್ಯೂಜಿಲೆಂಡಲ್ಲಿ ಮಾಡಿದ್ರು, 1994ರಲ್ಲಿ ವರದಿ, ಹೋಗ್ಲಿಲ್ಲ. ಮೊದಲ ಟ್ರಯಲ್ಲಲ್ಲಿ ಕಂಡದ್ದು ಬೇರೆ ಕಡೆ ಮತ್ತೆ ಕಾಣ್ಲಿಲ್ಲ. ಇವತ್ತಿನವರೆಗೂ ಬಿ ಕ್ಯಾರಿಯರ್‌ಗಳಿಗೆ ನೆಲನೆಲ್ಲಿ ಔಷಧ ಅಂತ ನಿಲ್ಲಲಿಲ್ಲ. ನೊಬೆಲ್ ಬಂದವರ ಹೆಸರಿತ್ತು, ಲ್ಯಾನ್ಸೆಟ್‌ನಲ್ಲಿ ಬಂದಿತ್ತು, ಆದ್ರೂ ಬೇರೆಯವರು ಮತ್ತೆ ನೋಡಿ ಇಲ್ಲ ಅಂದ್ರು, ಅದು ಇಲ್ಲ ಅಂತಲೇ ಆಯ್ತು. ನಮ್ಮಲ್ಲಿ ಗಿಡದ ಮೇಲೆ ನಂಬಿಕೆ ಇಡೋರಿದ್ದಾರೆ, ಗಿಡ ಅಂದ್ರೆ ತಾತ್ಸಾರ ಮಾಡೋರೂ ಇದ್ದಾರೆ. ಇಬ್ರೂ ಪರೀಕ್ಷೆ ಮಾಡೋದಿಲ್ಲ. ಬ್ಲಂಬರ್ಗ್ ನಮ್ಮ ಅಜ್ಜಿಯರ ಗಿಡಕ್ಕೆ ಕೊಟ್ಟ ಮರ್ಯಾದೆ ಅಂದ್ರೆ ಅದನ್ನ ತಂದು, ಪಕ್ಕದಲ್ಲಿ ಖಾಲಿ ಕ್ಯಾಪ್ಸೂಲ್ ಇಟ್ಟು, ಎಣಿಸಿದ್ದು. ಮಾವನ ವಿಷಯದಲ್ಲಿ ಇಪ್ಪತ್ತೊಂದು ದಿನ ಆದ ಮೇಲೆ ನಾನು ಮಾಡಬೇಕಿದ್ದುದೂ ಅಷ್ಟೇ, ಒಂದು ಸಿರಿಂಜ್ ರಕ್ತ ತೆಗೆದು ವೈರಸ್ ಇನ್ನೂ ಇದೆಯಾ ಅಂತ ನೋಡೋದು.

2015ರ ದೀಪಾವಳಿ ಹೊತ್ತಿಗೆ ಮಾವನ ಹೊಟ್ಟೆ ಉಬ್ಬೋಕೆ ಶುರು ಆಯ್ತು, ಕಾಲು ಬಾವು. ಗ್ಯಾಸ್ ಅಂದುಕೊಂಡ. ಒಂದು ರಾತ್ರಿ ರಕ್ತ ವಾಂತಿ ಮಾಡಿದ, ಆಂಬುಲೆನ್ಸ್ ಹತ್ತಿಸಿ ಮಣಿಪಾಲಕ್ಕೆ. ನಮ್ಮ ಜಿಲ್ಲೆಯವರಿಗೆ ಇದು ಹೇಳಬೇಕಾಗಿಲ್ಲ, ದೊಡ್ಡ ಕಾಯಿಲೆ ಅಂದ್ರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಕಾರವಾರದವರಿಗೆ ಗೋವಾ. ಹೈವೇ ಮೇಲೆ ಆ ಮೂರು ತಾಸು ನಾನು ಅವನ ತಲೆ ತೊಡೆ ಮೇಲೆ ಇಟ್ಕೊಂಡು ಕೂತಿದ್ದೆ. ಸಿರೋಸಿಸ್, ಜೊತೆಗೆ ಗಡ್ಡೆ. ಅಲ್ಲಿಯ ಡಾಕ್ಟರ್ರು ತುಂಬ ಸಮಾಧಾನದಿಂದ ಎಲ್ಲ ಹೇಳಿದ್ರು. ವೈರಸ್ಸನ್ನ ಅದುಮಿ ಇಡುವ ಮಾತ್ರೆ ಇದೆ, ಟೆನೊಫೊವಿರ್ ಅಂತ, ದಿನಕ್ಕೆ ಒಂದು, ಮೊದಲೇ ಬಂದಿದ್ರೆ ಅಂತ ಅರ್ಧಕ್ಕೆ ನಿಲ್ಲಿಸಿದ್ರು. 2016ರ ಮಾರ್ಚಲ್ಲಿ ಮಾವ ಹೋದ. ಐವತ್ತು ತುಂಬಿತ್ತು ಅಷ್ಟೇ.

ಹದಿನಾಲ್ಕನೇ ದಿನ ಮುಗಿದ ಮೇಲೆ ನಾನು ಎಲ್ರನ್ನೂ ಕೂರಿಸಿ ರಕ್ತ ತೆಗೆದೆ. ಆಯಿ, ದೊಡ್ಡಮ್ಮ, ಅತ್ತೆ, ಮಾವನ ಮಗಳು, ಮಗ, ನನ್ನ ತಮ್ಮ, ಕೊನೆಗೆ ನಂದು. ಭಾನುವಾರ, ಲ್ಯಾಬಲ್ಲಿ ನಾನೊಬ್ಳೇ. ಏಳು ಕಾರ್ಡ್ ಸಾಲಾಗಿ ಇಟ್ಟು, ಒಂದೊಂದಕ್ಕೂ ಹೆಸರು ಬರೆದು, ಸೀರಂ ಹನಿ ಬಿಟ್ಟೆ. ಈಗ ಅಗರ್ ಎಲ್ಲ ಇಲ್ಲ, ಹದಿನೈದು ನಿಮಿಷದ ಕೆಲಸ. ಸಿ ಅಂತ ಬರೆದ ಕಡೆ ಒಂದು ಗೆರೆ ಬಂದ್ರೆ ಕಾರ್ಡ್ ಸರಿ ಇದೆ ಅಂತ, ಟಿ ಕಡೆಯೂ ಬಂದ್ರೆ ವೈರಸ್ ಇದೆ ಅಂತ. ನೇರಳೆ ಬಣ್ಣ ಕಾರ್ಡ್ ಮೇಲೆ ನಿಧಾನ ಏರ್ತದೆ. ಸಾವಿರಾರು ಸಲ ನೋಡಿದ ಬಣ್ಣ, ಅವತ್ತು ಕೈ ನಡುಗಿತು. ಬಾರ್ಬರಾ ವರ್ನರ್ ನೆನಪಾದ್ರು. ನಂದು ಒಂದೇ ಗೆರೆ, ತಮ್ಮನದು ಒಂದೇ. ಆಯಿಯದು ಎರಡು. ದೊಡ್ಡಮ್ಮನದೂ ಎರಡು. ಮಾವನ ಮಗಳದೂ ಎರಡು.

ಅಜ್ಜಿ ಯಾವತ್ತೋ ಹೋಗಿದ್ರು, ಅವರ ರಕ್ತ ಯಾರು ನೋಡಿದ್ದಾರೆ. ಆದ್ರೆ ಮೂರೂ ಮಕ್ಕಳಿಗೆ ಇದೆ ಅಂದ್ರೆ ಅಲ್ಲಿಂದಲೇ ಬಂದಿರಬಹುದು ಅಂತ ಡಾಕ್ಟರ್ರ ಅಂದಾಜು. "ನಮ್ಮ ಅಬ್ಬೆ ನಮಗೆ ಕೊಟ್ಟದ್ದಾ ಹಾಗಾದ್ರೆ" ಅಂತ ಆಯಿ ಕೇಳಿದ್ರು, ನನಗೆ ಉತ್ತರ ಹೇಳೋಕೆ ಆಗ್ಲಿಲ್ಲ, ಕೈ ಹಿಡಿದುಕೊಂಡು ಕೂತೆ. ಊರಲ್ಲಿ ಹೇಳ್ಬೇಡ ಅಂದ್ರು ಮೊದಲು. ತಟ್ಟೆ ಲೋಟ ಬೇರೆ ಇಟ್ಕೊಂಡ್ರು. ಊಟದಿಂದ, ಮುಟ್ಟಿದ್ರೆ, ಒಂದೇ ಲೋಟದಲ್ಲಿ ಕುಡಿದ್ರೆ ಇದು ಬರೋದಿಲ್ಲ ಆಯಿ ಅಂತ ಎಷ್ಟು ಸಲ ಹೇಳಿದೆನೋ. ಈಗ ಅವರೇ ಹೇಳ್ತಾರೆ, ಇದನ್ನ ಬರೀ ಅಂತ ಹೇಳಿದ್ದೂ ಅವರೇ. ಆಯಿ ಮಾತ್ರೆ ತಗೊಳ್ಳೋಕೆ ಶುರು ಮಾಡಿ ಒಂಬತ್ತು ವರ್ಷ, ಆರು ತಿಂಗಳಿಗೊಮ್ಮೆ ಸ್ಕ್ಯಾನ್. 2018ರ ಜುಲೈ 28ಕ್ಕೆ ಕೇಂದ್ರ ಸರ್ಕಾರದ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾಯ್ತು, ಅದರಲ್ಲಿ ಬಿ ಮತ್ತೆ ಸಿ ಎರಡಕ್ಕೂ ಟೆಸ್ಟು, ಮಾತ್ರೆ ಪುಕ್ಕಟೆ. ಡಬ್ಲ್ಯೂಎಚ್‌ಒ ಲೆಕ್ಕದಲ್ಲಿ 2022ರಲ್ಲಿ ನಮ್ಮ ದೇಶದಲ್ಲಿ ಬಿ ಇರೋರು 2.98 ಕೋಟಿ. ಅವರಲ್ಲಿ ಬಹಳ ಜನಕ್ಕೆ ತಮಗಿದೆ ಅಂತಲೇ ಗೊತ್ತಿಲ್ಲ, ನಮ್ಮನೆಲೂ ಗೊತ್ತಿರ್ಲಿಲ್ಲ. ದಯವಿಟ್ಟು ಒಂದ್ಸಲ ನೋಡಿಸ್ಕೊಳ್ಳಿ, ಮನೆಲಿ ಒಬ್ಬರಿಗೆ ಬಂದಿದೆ ಅಂದ್ರೆ ಎಲ್ರೂ ನೋಡಿಸ್ಕೊಳ್ಳಿ, ಇಲ್ಲದವರು ಲಸಿಕೆ ಹಾಕಿಸ್ಕೊಳ್ಳಿ.

ಮಾವನ ಮಗಳಿಗೆ ಮದುವೆ ಆಯ್ತು. ಹುಡುಗನಿಗೆ ಮೊದಲೇ ಎಲ್ಲ ಹೇಳಿದ್ವಿ, ಅವನು ಮೂರು ಡೋಸ್ ಹಾಕಿಸ್ಕೊಂಡೇ ತಾಳಿ ಕಟ್ಟಿದ. ಅವಳು ಬಸುರಿ ಆದಾಗ ವೈರಸ್ ಲೆಕ್ಕ ಜಾಸ್ತಿ ಇತ್ತು ಅಂತ ಕೊನೇ ಮೂರು ತಿಂಗಳು ಟೆನೊಫೊವಿರ್ ಕೊಟ್ರು. ಮಗು ಹುಟ್ಟಿದ ಹನ್ನೆರಡು ತಾಸಿನೊಳಗೆ ಲಸಿಕೆ, ಜೊತೆಗೆ ಇಮ್ಯುನೊಗ್ಲೋಬುಲಿನ್ (ವೈರಸ್ ಹಿಡಿಯೋ ಸಿದ್ಧ ಆಂಟಿಬಾಡಿ) ಇಂಜೆಕ್ಷನ್ ಆಗ್ಬೇಕು. ಲಸಿಕೆ ಎಲ್ಲಾ ಹೆರಿಗೆ ಆಸ್ಪತ್ರೆಲೂ ಸಿಕ್ತದೆ, ಆ ಇಂಜೆಕ್ಷನ್ ಎಲ್ಲಾ ಕಡೆ ಸಿಗೋದಿಲ್ಲ. ಮಂಗಳೂರಿಂದ ಮೊದಲೇ ತರಿಸಿ ನಮ್ಮ ಲ್ಯಾಬಿನ ಫ್ರಿಜ್ಜಲ್ಲಿ ಇಟ್ಟಿದ್ದೆ, ದಿನಾ ಬೆಳಿಗ್ಗೆ ಮೊದಲು ಅದರ ಟೆಂಪರೇಚರ್ ನೋಡಿ ಬರೆದು ಆಮೇಲೆ ಬೇರೆ ಕೆಲಸ. ಹೋದ ವರ್ಷ ಜೂನಲ್ಲಿ, ಹೊಳೆ ತುಂಬಿ ಸುರಿಯೋ ಮಳೆಲಿ, ರಾತ್ರಿ ಎರಡೂವರೆಗೆ ಫೋನ್ ಬಂತು. ತಮ್ಮನ್ನ ಎಬ್ಬಿಸಿ, ಲ್ಯಾಬ್ ಬಾಗಿಲು ತೆಗೆದು, ಸೀಸೆಗೆ ಹತ್ತಿ ಸುತ್ತಿ ಐಸಿಗೆ ತಾಗದ ಹಾಗೆ ಥರ್ಮೊಕೋಲ್ ಡಬ್ಬಿಲಿಟ್ಟು, ರೇನ್‌ಕೋಟ್ ಒಳಗೆ ಹೊಟ್ಟೆಗೆ ಒತ್ತಿ ಹಿಡಿದು ಬೈಕಲ್ಲಿ ಹೋದ್ವಿ. ಒಂದು ತೊಡೆಗೆ ಲಸಿಕೆ, ಇನ್ನೊಂದು ತೊಡೆಗೆ ಇದು. ಸಿಸ್ಟರ್ ತಾಯಿ ಕಾರ್ಡಲ್ಲಿ ಟೈಮ್ ಬರೆದ್ರು, ಹುಟ್ಟಿ ಮೂರು ತಾಸು ಇಪ್ಪತ್ತು ನಿಮಿಷ.

ಮುಂದಿನ ಡೋಸೆಲ್ಲ ಟೈಮಿಗೆ ಸರಿಯಾಗಿ ಆಯ್ತು. ಹೋದ ತಿಂಗಳು ಹುಡುಗಿಗೆ ವರ್ಷ ತುಂಬ್ತು, ಈಗ ನೋಡಬಹುದು ಅಂದ್ರು ಡಾಕ್ಟರ್ರು. ಲ್ಯಾಬಿಗೆ ಕರ್ಕೊಂಡು ಬಂದ್ಳು. ಕೈ ದುಂಡಗೆ, ನರ ಸಿಗೋದು ಕಷ್ಟ, ಆಯಿ ತೊಡೆ ಮೇಲೆ ಕೂರಿಸ್ಕೊಂಡು ಗಿಲಕಿ ಆಡಿಸ್ತಿದ್ರು, ಚುಚ್ಚಿದ ಕೂಡ್ಲೇ ಊರಿಗೇ ಕೇಳೋ ಹಾಗೆ ಅತ್ತಳು. ಸೀರಂ ಬೇರೆ ಮಾಡಿ ಕಾರ್ಡಿಗೆ ಬಿಟ್ಟೆ. ಸಿ ಹತ್ರ ಗೆರೆ ಬಂತು. ಟಿ ಹತ್ರ ಬಿಳೀನೇ ಇತ್ತು. ಹದಿನೈದು ನಿಮಿಷ, ಬಿಳೀನೇ. ಬೇರೆ ಬಾಕ್ಸಿಂದ ಇನ್ನೊಂದು ಕಾರ್ಡ್ ಒಡೆದು ಮತ್ತೆ ಮೊದಲಿಂದ ಮಾಡಿದೆ. ಅದರಲ್ಲೂ ಒಂದೇ ಗೆರೆ. ಆಮೇಲೆ ಹೊರಗೆ ಹೋಗಿ ಅವಳ ಅಮ್ಮನಿಗೆ ಹೇಳಿದೆ.